ಗಿಡಕ್ಕೆ ಗೊತ್ತಾಗುವ ಮುಂಚೆ

ಹೈದರಾಬಾದ್
14 ಜುಲೈ 2024

ಪ್ರೀತಿಯ ಗಂಗಾ,

ಐಸ್ ಪೆಟ್ಟಿಗೆ ತೆರೆದ ಕೂಡಲೇ ಕಾಗದ ಕಂಡು ನಕ್ಕಿರುತ್ತೀಯ. ನಗು. ಫೋನಿನಲ್ಲಿ ನಿನ್ನ ಜೊತೆ ಮಾತಾಡಿ ನನಗೆ ಸಾಕಾಗಿದೆ. ನಾನೊಬ್ಬಳೇ ಬಡಬಡಿಸುತ್ತೇನೆ, ನೀನು ಆ ಕಡೆಯಿಂದ ಎರಡು ಸಲ "ಹೂಂ" ಅಂದು ಇಟ್ಟುಬಿಡುತ್ತೀಯ. ಮಧುಗಿರಿ ಹಾಸ್ಟೆಲ್ಲಿನಲ್ಲೂ ಹಾಗೇ ಇದ್ದೆ. ಬಾಯಿಗೆ ಬೀಗ, ಚೀಟಿ ಬರೆಯಲು ಕೂತರೆ ಮಾತ್ರ ಪುರಾಣ. ಹೇಗೂ ಈ ಪೆಟ್ಟಿಗೆ ನಿಮ್ಮೂರಿಗೂ ನಮ್ಮ ಲ್ಯಾಬಿಗೂ ಓಡಾಡಲೇಬೇಕು. ಬೇರಿನ ಜೊತೆ ಒಂದು ಕಾಗದ ಬಂದರೆ ಬಸ್ಸಿನವನೇನು ಟಿಕೆಟ್ ಕೇಳುವುದಿಲ್ಲ.

ಕೆಲಸದ ವಿಷಯ. ನಿಮ್ಮ ಕೆರೆ ಹಿಂದಿನ ಹೊಲದ ಕಡಲೆಕಾಯಿ ಗಿಡಗಳ ಬೇರಿನಲ್ಲಿ ಹಾರ್ಮೋನು ಅಳೆಯುವುದು ನನ್ನ ಪಿಎಚ್.ಡಿ. ಬೇರಿಗೆ "ಉದ್ದವಾಗು" ಅನ್ನುವುದು ಒಂದು, "ಸಾಕು, ನಿಲ್ಲು" ಅನ್ನುವುದು ಇನ್ನೊಂದು. ಬೆಳಿಗ್ಗೆ ಯಾವುದು ಎಷ್ಟಿರುತ್ತದೆ, ಹೊತ್ತು ಮುಳುಗಿದ ಮೇಲೆ ಎಷ್ಟಿರುತ್ತದೆ ಅನ್ನುವುದು ನನಗೆ ಬೇಕು. ಇರುವುದು ಎಷ್ಟು ಕಡಿಮೆ ಗೊತ್ತಾ? ನಿಮ್ಮೂರ ನೀರಿನ ಟ್ಯಾಂಕಿಗೆ ಚಿಟಿಕೆ ಉಪ್ಪು ಹಾಕಿದರೂ ಅದಕ್ಕಿಂತ ಜಾಸ್ತಿಯೇ.

ಬೆಳಿಗ್ಗೆ ಹತ್ತು ಗಿಡ, ಸಂಜೆ ಹತ್ತು ಗಿಡ. ಅಗೆದು, ಮಣ್ಣು ಕೊಡವಿ, ಬೇರಿನ ತುದಿ ಕತ್ತರಿಸಿ, ಫಾಯಿಲ್‌ನಲ್ಲಿ ಸುತ್ತಿ, ನಂಬರ್ ಬರೆದು, ತಕ್ಷಣ ನಿಮ್ಮಣ್ಣ ಮುತ್ತುರಾಜಣ್ಣನ ಕ್ಯಾನಿನೊಳಗೆ ಬಿಡು. ಹಸುಗಳಿಗೆ ಗರ್ಭ ಕಟ್ಟಿಸುವ ಇಂಜೆಕ್ಷನ್ ಕಡ್ಡಿಗಳನ್ನು ಅಣ್ಣ ಇಡುವ ಅದೇ ಹೊಗೆ ನೀರು, ನಮ್ಮ ಲ್ಯಾಬಿನ ಭಾಷೆಯಲ್ಲಿ ದ್ರವ ಸಾರಜನಕ, ನನಗೂ ಬೇಕಾಗಿದ್ದು ನನ್ನ ಪುಣ್ಯ. ತಡ ಮಾಡಬೇಡ. ಕಿತ್ತದ್ದು ಗೊತ್ತಾದ ಕೂಡಲೇ ಬೇರಿನೊಳಗೆ ಎಲ್ಲ ಅದಲುಬದಲಾಗುತ್ತದೆ. ಒಂದೇ ಮಾತು ನೆನಪಿಟ್ಟುಕೋ. ಗಿಡಕ್ಕೆ ಗೊತ್ತಾಗುವ ಮುಂಚೆ ಬೇರು ತಣ್ಣಗಾಗಿರಬೇಕು.

ನಿನ್ನ
ಸಾದಿಯಾ


ದೊಡ್ಡೇರಿ
4 ಆಗಸ್ಟ್ 2024

ಸಾದಿಯಾ,

ಕ್ಷೇಮ. ನಿನ್ನ ಕಾಗದ ಹಿಡಿದಾಗ ಇನ್ನೂ ತಣ್ಣಗಿತ್ತು. ಚಳಿಗಾಲದ ಬೆಳಿಗ್ಗೆ ಹಾಸ್ಟೆಲ್ಲಿನ ಕಲ್ಲುಬೆಂಚಿನ ಮೇಲೆ ಕೂತ ಹಾಗಾಯಿತು.

ಇವತ್ತು ಮೊದಲ ಬೇರುಗಳು ಬರುತ್ತಿವೆ. ಅಣ್ಣ ಹಿಂದೂಪುರಕ್ಕೆ ಹೋಗಿ ಬಸ್ಸಿಗೆ ಹಾಕುತ್ತಾನೆ. ಅವನು ಕ್ಯಾನು ಹೊತ್ತು ಹೊಲಕ್ಕೆ ಬರುವುದನ್ನು ನೋಡಿ ಪಕ್ಕದ ಹೊಲದ ಸಣ್ಣರಂಗಯ್ಯ ಬದುವಿನ ಮೇಲೇ ನಿಂತುಬಿಟ್ಟ. "ಏನ್ಲಾ ಮುತ್ತ, ಕಡ್ಲೆಗಿಡಕ್ಕೂ ಹೋರಿ ಇಂಜೆಕ್ಷನ್ ಕೊಡ್ತೀಯಾ?" ಅಂದ. ಅಣ್ಣ ಏನು ಕಮ್ಮಿಯೇ? "ಊಂ ಕಣಣ್ಣ, ಎಚ್ಚೆಫ್ ತಳಿದು. ಈ ಸಲ ಕಾಯಿ ಕಿತ್ರೆ ಅಂಬಾ ಅಂತವೆ, ನೋಡ್ತಿರು" ಅಂದ. ಈಗ ಊರಿಗೆಲ್ಲ ಅದೇ ಮಾತು.

ಬೆಳಗಿನ ಹತ್ತು ಸುಲಭವಾಗಿ ಆದವು. ಸಂಜೆಯದೇ ಬೇರೆ. ನೀನು ಕಡಲೆಗಿಡ ಮಲಗುವುದನ್ನು ನೋಡಿದ್ದೀಯ? ಬೆಟ್ಟದ ನೆರಳು ಕೆರೆ ದಾಟಿ ನಮ್ಮ ಹೊಲಕ್ಕೆ ಬರುವಾಗ ಶುರುವಾಗುತ್ತದೆ. ಒಂದೊಂದು ಕಡ್ಡಿಯ ನಾಲ್ಕು ಎಲೆ ಎರಡೆರಡಾಗಿ ಸೇರಿಕೊಂಡು, ಮೇಲಕ್ಕೆ ಮಡಚಿಕೊಂಡು, ಸುಮ್ಮನಾಗುತ್ತವೆ. ಮೊದಲು ನೆರಳು ಬಿದ್ದ ಸಾಲು, ಆಮೇಲೆ ಪಕ್ಕದ ಸಾಲು. ಹಗಲು ದಟ್ಟವಾಗಿದ್ದ ಹೊಲ ತೆಳ್ಳಗಾಗಿ ಮಧ್ಯೆ ಮಣ್ಣು ಕಾಣುತ್ತದೆ. ನಾನು ನೋಡುತ್ತ ನಿಂತು ಗುದ್ದಲಿ ಹಿಡಿದಿರುವುದನ್ನೇ ಮರೆತಿದ್ದೆ. ತಿರುಮಣಿಯ ನಮ್ಮ ಚಿಕ್ಕಮ್ಮನ ಹೊಲದಲ್ಲಿ ಈಗ ಸೋಲಾರ್ ಹಲಗೆಗಳಿವೆ. ಅವು ಮಲಗುವುದಿಲ್ಲ, ಸಂಜೆ ಹೊಲಕ್ಕೆ ಹೋಗುವುದಕ್ಕೇ ಮನಸ್ಸಾಗುವುದಿಲ್ಲ ಅನ್ನುತ್ತಾಳೆ ಚಿಕ್ಕಮ್ಮ.

ಒಂದು ಕೇಳಲೇ? ಗಿಡಕ್ಕೆ ಗೊತ್ತಾಗುವ ಮುಂಚೆ ಅಂತ ಬರೆದಿದ್ದೀಯಲ್ಲ. ಅದು ನನಗೆ ಯಾಕೋ ಹಿಡಿಸಲಿಲ್ಲ. ನಮ್ಮ ಕಾಟಮ್ಮಜ್ಜಿ ಕಾಮಾಲೆಗೆ ಬೇರು ಕೊಡುತ್ತಿದ್ದಳು, ನಿನಗೆ ಗೊತ್ತು. ಹೊತ್ತು ಮುಳುಗಿದ ಮೇಲೆ ಯಾರಾದರೂ ಬೇರು ಕೇಳಿಕೊಂಡು ಬಂದರೆ ಗಿಡದ ಹತ್ತಿರ ಕೂತು, ಬುಡ ಹಿಡಿದು ಮೆಲ್ಲಗೆ ಅಲುಗಾಡಿಸಿ, ಎಲೆ ಸವರಿ ಎಬ್ಬಿಸುತ್ತಿದ್ದಳು. "ಮನಗಿರೋ ಗಿಡನ ಎಬ್ಬಿಸ್ದೆ ಬೇರು ಕಿತ್ರೆ ಕದ್ದಂಗೆ ಕಣಮ್ಮ. ಎಬ್ಬಿಸು, ಯಾಕೆ ಅಂತ ಯೋಳು, ಆಮ್ಯಾಕೆ ತಗ" ಅನ್ನುತ್ತಿದ್ದಳು. ಎಬ್ಬಿಸಿದ ಮೇಲೆ ಒಂದು ಎಲೆಅಡಿಕೆ ಹಾಕಿಕೊಂಡು ಕಾಯುತ್ತಿದ್ದಳು, ಅದಕ್ಕೆ ಪೂರ್ತಿ ಎಚ್ಚರವಾಗಲಿ ಅಂತ.

ನಿಮ್ಮ ಲ್ಯಾಬಿನಲ್ಲಿ ಇದಕ್ಕೆ ಏನಾದರೂ ಇದೆಯೇ?

ಗಂಗಲಕ್ಷ್ಮಿ


ಹೈದರಾಬಾದ್
25 ಆಗಸ್ಟ್ 2024

ಲೇ ಗಂಗಾ,

ಕುಣಿಯಬೇಕು ಅನ್ನಿಸುತ್ತಿದೆ ನನಗೆ! ನಿನ್ನ ಬೇರುಗಳನ್ನು ಹಿಟ್ಟು ಮಾಡಿ, ಮೆಥನಾಲಿನಲ್ಲಿ ನೆನೆಸಿ, ಸೋಸಿ ಯಂತ್ರಕ್ಕೆ ಬಿಟ್ಟೆ. ಯಾವ ಹಾರ್ಮೋನು ಇದ್ದರೂ ಪರದೆಯ ಮೇಲೆ ಅದರ ಜಾಗದಲ್ಲಿ ಗೆರೆ ಮೇಲೇಳುತ್ತದೆ. ಕಮ್ಮಿ ಇದ್ದರೆ ದಿಬ್ಬ, ಜಾಸ್ತಿ ಇದ್ದರೆ ಬೆಟ್ಟ. ಬೆಳಗಿನ ಬೇರುಗಳಲ್ಲಿ ಎಲ್ಲ ದಿಬ್ಬಗಳೇ. ಸಂಜೆಯ ಹತ್ತು ಬೇರಿನಲ್ಲಿ ಒಂದು ಜಾಗದಲ್ಲಿ ಮಧುಗಿರಿ ಬೆಟ್ಟವೇ ಎದ್ದು ನಿಂತಿತು. ಹತ್ತಕ್ಕೆ ಹತ್ತರಲ್ಲೂ!

ಅದರ ಹೆಸರು ಜಾಸ್ಮೋನಿಕ್ ಆಮ್ಲ. ಅದರ ಹತ್ತಿರದ ನೆಂಟನನ್ನು ಮೊದಲು ಮಲ್ಲಿಗೆ ಎಣ್ಣೆಯಲ್ಲಿ ಕಂಡಿದ್ದರಿಂದ ಈ ಹೆಸರು. ನಿನಗೆ ಸುಲಭವಾಗಲಿ, ನಾವು ಮಲ್ಲಿಗೆ ಅನ್ನೋಣ. ಹುಳ ಕಚ್ಚಿದರೆ, ಗಾಯವಾದರೆ, ಏನೋ ಬರುತ್ತಿದೆ ಅನ್ನಿಸಿದರೆ ಗಿಡದೊಳಗೆ ಮಲ್ಲಿಗೆ ಏರುತ್ತದೆ, ಬೇರು ಬೆಳೆಯುವುದನ್ನು ನಿಲ್ಲಿಸಿ ಕಿವಿ ನಿಮಿರಿಸುತ್ತದೆ. ನಿಮ್ಮ ಹೊಲದಲ್ಲಿ ಹುಳವಿಲ್ಲ, ಗಾಯವಿಲ್ಲ. ಆದರೂ ಪ್ರತಿ ಸಂಜೆ ಏರುತ್ತದೆ ಅಂದರೆ ಬಯಲುಸೀಮೆಯ ಈ ಹಳೆಯ ತಳಿ ಕತ್ತಲಿಗೆ ಮುಂಚೆ ತನ್ನನ್ನು ತಾನೇ ಸಜ್ಜು ಮಾಡಿಕೊಳ್ಳುತ್ತದೆ ಅಂತ. ಇದನ್ನು ಇದುವರೆಗೆ ಯಾರೂ ಹೇಳಿಲ್ಲ. ನಮ್ಮ ಗೈಡ್ ಮೇಡಂ ಹೊಗಳುವವರೇ ಅಲ್ಲ, ಅವರೂ "ಇನ್ನೊಂದು ಸಲ ಹೀಗೇ ಬಂದರೆ ಇದೇ ನಿನ್ನ ಮುಖ್ಯ ಅಧ್ಯಾಯ" ಅಂದರು. ಮಾರ್ಚಿಗೆ ನನ್ನ ಫೆಲೋಶಿಪ್ ಮುಗಿಯುತ್ತದೆ. ಅಷ್ಟರಲ್ಲಿ ಈ ಅಧ್ಯಾಯ ಆಗದಿದ್ದರೆ ಐದು ವರ್ಷದ ಕೆಲಸ ಬಿಟ್ಟು ಸಿರಾದಲ್ಲಿ ಅಬ್ಬಾನ ಬಳೆ ಅಂಗಡಿಯಲ್ಲಿ ಕೂರಬೇಕು. ಬಳೆ ತೊಡಿಸಲು ನನಗೆ ಬರುವುದಿಲ್ಲ, ಒಡೆಯಲು ಬರುತ್ತದೆ.

ನಿನ್ನ ಅಜ್ಜಿಯ ಕಥೆಯನ್ನು ಊಟದ ಹೊತ್ತಿನಲ್ಲಿ ಎಲ್ಲರಿಗೂ ಹೇಳಿದೆ. ಗಿಡ ಎಬ್ಬಿಸಿ ಎಲೆಅಡಿಕೆ ಹಾಕಿಕೊಂಡು ಕಾಯುವುದು! ನಕ್ಕು ನಕ್ಕು ಸಾಕಾಯಿತು ಎಲ್ಲರಿಗೂ.

ಮುಂದಿನ ಸಲವೂ ಥೇಟ್ ಹೀಗೇ ಮಾಡು. ಒಂದಿಷ್ಟೂ ಬದಲಾಯಿಸಬೇಡ.

ಸಾದಿಯಾ


ದೊಡ್ಡೇರಿ
15 ಸೆಪ್ಟೆಂಬರ್ 2024

ಸಾದಿಯಾ,

ನಿನಗೆ ಒಳ್ಳೆಯದಾಗುತ್ತಿದೆ ಅಂತ ಓದಿ ಸಂತೋಷವಾಯಿತು. ಗೊರವನಹಳ್ಳಿಗೆ ಹೋದಾಗ ನಿನ್ನ ಹೆಸರಿನಲ್ಲೂ ಒಂದು ಹಣ್ಣುಕಾಯಿ ಮಾಡಿಸಿದೆ. ಪೂಜಾರಿ ನಕ್ಷತ್ರ ಕೇಳಿದ. ಗೊತ್ತಿಲ್ಲ ಸ್ವಾಮಿ, ಸಿರಾದವಳು ಅಂದೆ. ಆಗಬಹುದು ಅಂದ.

ಹೀಗೇ ಮಾಡು ಅಂದಿದ್ದೀಯ, ಹಾಗೇ ಮಾಡಿದ್ದೇನೆ. ಏನೂ ಬದಲಾಯಿಸಿಲ್ಲ. ಅಜ್ಜಿಯ ವಿಷಯ ಇನ್ನು ಬರೆಯುವುದಿಲ್ಲ. ಅವಳನ್ನು ನೋಡದವರ ಹತ್ತಿರ ಹೇಳಿದರೆ ನಗುವೇ ಬರುತ್ತದೆ, ಅದು ಅವರ ತಪ್ಪಲ್ಲ.

ಗಿಡಗಳು ಹೂಬಿಟ್ಟು, ಕಾಯಿಕಡ್ಡಿಗಳು ಮಣ್ಣಿಗೆ ಇಳಿದಿವೆ. ಸಂಜೆ ಹೊಲದಲ್ಲಿ ಕೂತರೆ ಎದ್ದು ಬರಲು ಮನಸ್ಸಿಲ್ಲ. ಮೊನ್ನೆ ಕೆರೆಯ ಮೇಲಿನ ಗಾಳಿಗೆ ಜೊಂಪು ಹತ್ತಿ, ಕನಸಿನಲ್ಲಿ ನಾನೇ ಸಾಲಿನಲ್ಲಿ ಮಲಗಿದ್ದೆ. ಯಾರೋ ಹೆಗಲು ಮುಟ್ಟಿ "ಗಂಗಾ, ಏಳವ್ವ" ಅಂದರು. ಭಯವೇ ಆಗಲಿಲ್ಲ. ಏಳುವಾಗ ನನ್ನ ಕಾಲಿಗೆಲ್ಲ ಮಣ್ಣಿತ್ತು, ಅದು ನನ್ನದೇ ಮಣ್ಣು ಅಂತ ಗೊತ್ತಿತ್ತು. ಎಚ್ಚರವಾದಾಗ ಅಣ್ಣ ಕ್ಯಾನು ಹಿಡಿದು ನಿಂತಿದ್ದ. "ಗಿಡಗಳ್ ಜೊತೆ ನೀನೂ ಮನಿಕ್ಕಂಡ್ರೆ ಇಂಗೆ, ಬಸ್ಸು ಓಯ್ತದೆ ಕಣೇ" ಅಂದ.

ಮಲ್ಲಿಗೆ ಏರಿದಾಗ ಗಿಡಕ್ಕೆ ನೋವಾಗುತ್ತದೆಯೇ? ಬರೆ.

ಗಂಗಲಕ್ಷ್ಮಿ


ಹೈದರಾಬಾದ್
29 ಸೆಪ್ಟೆಂಬರ್ 2024

ಗಂಗಾ,

ಇದನ್ನು ಬರೆಯಲು ನಾಲ್ಕು ಸಲ ಕೂತೆ.

ಚಿಕ್ಕಪ್ಪನ ಮಗಳು ನಾಹಿದಾಳ ಮದುವೆಗೆ ಅಂತ ಹೋದ ವಾರ ಸಿರಾಕ್ಕೆ ಬಂದಿದ್ದೆ. ನಿನಗೆ ಹೇಳಿರಲಿಲ್ಲ. ಮದುವೆ ಮುಗಿದ ಮಾರನೆಯ ದಿನ ನಿನ್ನನ್ನು ಬೆಚ್ಚಿಬೀಳಿಸೋಣ ಅಂತ ಬಿರಿಯಾನಿ ಡಬ್ಬಿ ಹಿಡಿದು ಮಧುಗಿರಿ ಬಸ್ಸು ಹತ್ತಿದೆ. ಮನೆಯಲ್ಲಿ ಅಣ್ಣ ಒಬ್ಬನೇ ಇದ್ದ. "ಒಲದತ್ರ ಅವ್ಳೆ. ನಿಮ್ ಬೇರು ಕೀಳಾಕೆ ಕೈ ಕೂಡ್ಲಿ ಅಂತ ಒಂದೆಲ್ಡು ಗಿಡ ಆಗಾಗ ಕಿತ್ ನೋಡ್ತಾಳೆ" ಅಂದ. ಕೆರೆ ಏರಿಯ ಮೇಲಿಂದ ಬಂದು ಬದುವಿನ ಹುಣಸೆಮರದ ಹತ್ತಿರ ನಿಂತೆ.

ನೀನು ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ. ಒಂದು ಗಿಡದ ಬುಡ ಹಿಡಿದು ಅಲುಗಾಡಿಸಿದೆ, ಮುಚ್ಚಿದ ಎಲೆಗಳನ್ನು ಬೆರಳಿನಿಂದ ಬಿಡಿಸಿ ಸವರಿದೆ, ಬಗ್ಗಿ ಏನೋ ಹೇಳಿದೆ. ಪಕ್ಕದ ಗಿಡಕ್ಕೂ ಹಾಗೇ. ಆಮೇಲೆ ಗುದ್ದಲಿ ಮಡಿಲಿನಲ್ಲಿಟ್ಟುಕೊಂಡು ಆಕಾಶ ನೋಡುತ್ತ ಕಾದೆ. ಎಷ್ಟು ಚೆನ್ನಾಗಿ ಕಾಣುತ್ತಿದ್ದೆ ಗೊತ್ತಾ? ಮೊದಲು ಕಣ್ಣು ತುಂಬಿ ಬಂತು. ಆಮೇಲೆ ನನ್ನ ಬೆಟ್ಟ ನೆನಪಾಯಿತು.

ಗಂಗಾ, ಮುಟ್ಟಿದರೂ ಮಲ್ಲಿಗೆ ಏರುತ್ತದೆ. ಗಾಯವೇ ಆಗಬೇಕಿಲ್ಲ, ಅಲುಗಾಡಿಸಿದರೆ ಸಾಕು, ಕೆಲವೇ ನಿಮಿಷದಲ್ಲಿ. ನಾನು ಯಂತ್ರದಲ್ಲಿ ಕಂಡಿದ್ದು ಸಂಜೆಯನ್ನಲ್ಲ, ನಿನ್ನ ಕೈಯನ್ನು.

ಸಿಟ್ಟು ಬಂದಿತ್ತು. ಕೂಗಿ ಬೈದುಬಿಡುತ್ತೇನೆ ಅನ್ನಿಸಿ ಹಾಗೇ ಹಿಂದಕ್ಕೆ ಹೋದೆ. ಬಿರಿಯಾನಿಯನ್ನು ಬಸ್‌ಸ್ಟ್ಯಾಂಡಿನಲ್ಲಿ ಯಾರಿಗೋ ಕೊಟ್ಟೆ. ಬಸ್ಸಿನಲ್ಲಿ ಇನ್ನೂ ಕೆಟ್ಟ ಯೋಚನೆ ಬಂತು. ಸುಮ್ಮನಿದ್ದುಬಿಟ್ಟರೆ? ನಿನ್ನ ಎರಡನೆಯ ಪೆಟ್ಟಿಗೆಯಲ್ಲೂ ಬೆಟ್ಟ ಬಂದಿತ್ತು, ಮೇಡಂ ಬರೆಯಲು ಶುರುಮಾಡು ಅಂದಿದ್ದರು. ನಿನಗೂ ನನಗೂ ಬಿಟ್ಟು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೂರು ದಿನ ಸುಮ್ಮನಿದ್ದೆ ಕೂಡ. ನಿನ್ನೆ ಮೇಡಂಗೆ ಹೇಳಿದೆ. ಮುಟ್ಟಿದರೆ ಏರುತ್ತದೆ ಅನ್ನುವುದು ಹಳೆಯ ವಿಷಯ, ಅದಕ್ಕೆ ಅಧ್ಯಾಯವಿಲ್ಲ ಅಂದರು. ಬೆಳೆ ಕೀಳುವ ಮುಂಚೆ ಮುಟ್ಟದೆ ತೆಗೆದ ಸಂಜೆಯ ಹತ್ತು ಬೇರು ಸಿಕ್ಕರೆ, ಸಂಜೆ ಬೇರಿನಲ್ಲಿ ನಿಜಕ್ಕೂ ಏನು ನಡೆಯುತ್ತದೆ ಅಂತ ಬರೆಯಬಹುದು. ಸಿಗದಿದ್ದರೆ ಬಿಟ್ಟುಬಿಡು ಅಂದರು.

ಇದೊಂದು ಸಲ ಎಬ್ಬಿಸಬೇಡ. ಕೈ ಮುಗಿದು ಕೇಳುತ್ತೇನೆ.

ಸಾದಿಯಾ


ದೊಡ್ಡೇರಿ
5 ಅಕ್ಟೋಬರ್ 2024

ಸಾದಿಯಾ,

ಬಂದು, ನೋಡಿ, ಹೇಳದೆ ಹೋದೆ. ನಿನಗೆ ಬೇಕಾದದ್ದು ನನಗೆ ಗೊತ್ತಾಗುವ ಮುಂಚೆಯೇ ತೆಗೆದುಕೊಂಡೆ. ನೀನು ಬದುವಿನಿಂದ "ಗಂಗಾ" ಅಂತ ಕೂಗಿ, ಎಷ್ಟು ಬೇಕಾದರೂ ಬೈದಿದ್ದರೆ ನಾನು ಬೈಸಿಕೊಳ್ಳುತ್ತಿದ್ದೆ. ಬಿರಿಯಾನಿಯನ್ನೂ ತಿನ್ನುತ್ತಿದ್ದೆ.

ಎಬ್ಬಿಸುವ ವಿಷಯ ನಾನು ಕೇಳಿದ್ದೆನಲ್ಲ, ಮೊದಲ ಕಾಗದದಲ್ಲೇ ಕೇಳಿದ್ದೆ. ನೀವು ನಕ್ಕಿರಿ.

ಅಣ್ಣ, "ಕೊಡಿಲ್ಲಿ, ನಾನ್ ಕಿತ್ತಾಕ್ತೀನಿ, ಅದ್ಕೇನು ಪಂಚಾಯ್ತಿ" ಅನ್ನುತ್ತಾನೆ. ಅವನ ಕೈಗೆ ಕೊಟ್ಟರೆ ಬೇರಿನ ತುದಿ ಮಣ್ಣಿನಲ್ಲೇ ಉಳಿಯುತ್ತದೆ. ಅಲ್ಲದೆ ಇನ್ನೊಬ್ಬರ ಕೈಯಲ್ಲಿ ಮಾಡಿಸಿದರೆ ನಾನು ಮಾಡಿದ ಹಾಗಲ್ಲ ಅಂತ ಸುಳ್ಳು ಸಮಾಧಾನ ನನಗೆ ಬೇಡ.

ಯೋಚನೆ ಮಾಡುತ್ತೇನೆ.

ಗಂಗಲಕ್ಷ್ಮಿ


ಹೈದರಾಬಾದ್
10 ಅಕ್ಟೋಬರ್ 2024

ಗಂಗಾ,

ನಿನ್ನ ಕಾಗದ ಸಿಕ್ಕಿತು. ನೀನು ಬರೆದದ್ದೆಲ್ಲ ಸರಿ. ಕೂಗಬೇಕಿತ್ತು. ನಗಬಾರದಿತ್ತು, ಕ್ಷಮಿಸು.

ಮಲ್ಲಿಗೆ ಏರಿದಾಗ ನೋವಾಗುತ್ತದೆಯೇ ಅಂತ ನೀನು ಕೇಳಿದ್ದಕ್ಕೂ ನಾನು ಉತ್ತರ ಬರೆಯಲಿಲ್ಲ. ಗೊತ್ತಿಲ್ಲ ಗಂಗಾ. ಎಷ್ಟು ಏರಿತು ಅಂತ ಹೇಳಬಲ್ಲೆ. ಅದಕ್ಕೆ ಏನನ್ನಿಸಿತು ಅಂತ ಹೇಳುವ ಯಂತ್ರ ನಮ್ಮಲ್ಲಿಲ್ಲ.

ನಿನ್ನಿಂದ ಆಗದಿದ್ದರೆ ಬೇಡ. ಬಳೆ ತೊಡಿಸುವುದನ್ನು ಕಲಿಯುತ್ತೇನೆ, ಅದರಲ್ಲೇನು ಮರ್ಯಾದೆ ಹೋಗುವುದಿಲ್ಲ. ಪೆಟ್ಟಿಗೆ ಕಳಿಸಿದ್ದೇನೆ. ಖಾಲಿಯಾಗಿ ವಾಪಸ್ಸು ಬಂದರೂ ಒಳಗೊಂದು ಕಾಗದ ಇರಲಿ. ಅದಿಲ್ಲದೆ ಬಂದರೆ ನನಗೆ ತಡೆಯಲಾಗುವುದಿಲ್ಲ.

ಸಾದಿಯಾ


ದೊಡ್ಡೇರಿ
20 ಅಕ್ಟೋಬರ್ 2024

ಸಾದಿಯಾ,

ಪೆಟ್ಟಿಗೆಯಲ್ಲಿ ಬೆಳಗಿನ ಹತ್ತೂ ಇವೆ, ಸಂಜೆಯ ಹತ್ತೂ ಇವೆ.

ಮಧ್ಯಾಹ್ನವೇ ಹೋಗಿ ಬದುವಿನ ಮೇಲೆ ಕೂತಿದ್ದೆ. ಬಿಸಿಲು ಕೆಂಪಗಾಗಿ, ಬೆಟ್ಟದ ನೆರಳು ಕೆರೆಯೊಳಗೆ ಇಳಿದು, ನೀರು ದಾಟಿ, ಏರಿ ಹತ್ತಿ ನಮ್ಮ ಹೊಲಕ್ಕೆ ಬಂತು. ಒಂದೊಂದೇ ಸಾಲು ಎಲೆ ಮಡಚಿತು. ಕಾಯಿ ಬಲಿತು ಎಲೆಗಳು ಅಲ್ಲಲ್ಲಿ ಹಳದಿಯಾಗಿವೆ, ಮಲಗುವುದಕ್ಕೂ ನಿಧಾನ ಈಗ. ಕೊನೆಯ ಗಿಡ ಕಣ್ಣುಮುಚ್ಚುವವರೆಗೂ ಕಾದೆ. ಅಷ್ಟು ಹೊತ್ತು ನನ್ನ ಎರಡು ಕೈಗಳನ್ನೂ ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಬುಡದಿಂದ ಗೇಣು ದೂರದಲ್ಲಿ ಗುದ್ದಲಿ ಊರಿ, ಮಣ್ಣಿನ ಹೆಂಟೆಯ ಸಮೇತ ಎತ್ತಿ, ಕತ್ತರಿಸಿ, ಸುತ್ತಿ, ಹೊಗೆಯೊಳಗೆ ಬಿಟ್ಟೆ. ಏನೂ ಮಾತಾಡಲಿಲ್ಲ.

ಹೊಗೆಯೊಳಗೆ ಹೋಗುವಾಗಲೂ ಅವು ನಿದ್ದೆಯಲ್ಲೇ ಇದ್ದವು. ನಡುವೆ ಒಂದು ಕಡೆ ಸ್ವಲ್ಪ ತಡವಾಯಿತು, ಕತ್ತಲಲ್ಲಿ ನಂಬರ್ ಬರೆಯುವ ಪೆನ್ನು ಸಿಗಲಿಲ್ಲ. ಅಷ್ಟೇ. ಯಾವುದನ್ನೂ ಎಬ್ಬಿಸಲಿಲ್ಲ.

ನಿನಗೋಸ್ಕರ ಮಾಡಿದೆ. ಇನ್ನೊಂದು ಸಲ ಕೇಳಬೇಡ.

ನಿನ್ನ ಮೇಲಿದ್ದ ಕೋಪ ಹೊಲದಲ್ಲೇ ಹೋಯಿತು. ನೀನು ಚೆನ್ನಾಗಿ ಓದು.

ಗಂಗಾ


ಹೈದರಾಬಾದ್
9 ನವೆಂಬರ್ 2024

ನನ್ನ ಗಂಗಾ,

ಸಂಜೆಯ ಬೇರುಗಳನ್ನು ನಾನೇ ಅರೆದೆ, ಬೇರೆ ಯಾರ ಕೈಗೂ ಕೊಡಲಿಲ್ಲ. ಅರೆಯುವಾಗ ಒರಳಿನಿಂದ ಬಿಳಿ ಹೊಗೆ ಮುಖಕ್ಕೆ ಬರುತ್ತದೆ. ನಿಮ್ಮ ಹೊಲದಲ್ಲೇ ಕೂತಿದ್ದೇನೆ ಅನ್ನಿಸಿತು. ಯಂತ್ರಕ್ಕೆ ಬಿಟ್ಟು ಪರದೆಯ ಮುಂದೆ ಕೂತೆ.

ಮೊದಲನೆಯದರಲ್ಲಿ ಮಲ್ಲಿಗೆಯ ಜಾಗದಲ್ಲಿ ಬೆಟ್ಟವಿಲ್ಲ, ಒಂದು ಸಣ್ಣ ದಿಬ್ಬ. ಎರಡನೆಯದರಲ್ಲೂ ಇಲ್ಲ. ನೀನು ಹೇಳಿದ್ದು ನಿಜ, ಅವು ಮಲಗಿದ್ದವು. ಮಲಗಿದ ಬೇರಿನಲ್ಲಿ ಬೇರೆಯದೇ ಒಂದು ನಡೆಯುತ್ತಿತ್ತು. "ಉದ್ದವಾಗು" ಅನ್ನುವ ಹಾರ್ಮೋನು ಬೆಳಗಿಗಿಂತ ಜಾಸ್ತಿ ಇತ್ತು. ಮೇಲೆ ಎಲೆ ಮುಚ್ಚಿಕೊಂಡು, ಕೆಳಗೆ ಕತ್ತಲಲ್ಲಿ ಬೆಳೆಯಲು ಹೊರಟಿದ್ದವು ಅವು. ಮೊದಲಿನಷ್ಟು ದೊಡ್ಡ ಸುದ್ದಿಯಲ್ಲ ಇದು, ಆದರೆ ನಿಜವಾದದ್ದು. ಮೇಡಂ ನೋಡಿ ತಲೆಯಾಡಿಸಿದರು. ಅಧ್ಯಾಯ ಉಳಿಯಿತು ಗಂಗಾ. ಮಾರ್ಚಿನೊಳಗೆ ಬರೆದು ಮುಗಿಸುತ್ತೇನೆ. ಅಮ್ಮಿಗೆ ಫೋನ್ ಮಾಡಿ ಹೇಳಿದೆ, ಅವಳು ಮೊದಲು ಕೇಳಿದ್ದು, "ಆ ದೊಡ್ಡೇರಿ ಹುಡುಗೀಗೆ ಹೇಳ್ದ್ಯಾ?" ಅಂತ.

ಈಗ ನಿನಗೆ ಮಾತ್ರ ಬರೆಯುವುದು. ಹತ್ತು ಬೇರಿನಲ್ಲಿ ಒಂಬತ್ತು ಹೀಗಿದ್ದವು. ಏಳನೆಯದು ಹೀಗಿರಲಿಲ್ಲ. ಅದರಲ್ಲಿ ಬೆಟ್ಟ ಇತ್ತು, ಹಿಂದಿನವುಗಳಷ್ಟೇ ಎತ್ತರದ್ದು. ಯಂತ್ರ ತಪ್ಪಿತೇ ಅಂತ ಇನ್ನೊಂದು ಸಲ ಬಿಟ್ಟು ನೋಡಿದೆ, ಮತ್ತೆ ಹಾಗೇ ಬಂತು. ಮೇಡಂ "ಇದೊಂದು ಯಾಕೆ?" ಅಂದರು. "ಇದನ್ನು ಎಬ್ಬಿಸಿದ್ದಾರೆ" ಅಂದೆ. "ಹಾಗಂತಲೇ ಬರೆ, ಒಂಬತ್ತು ಸಾಕು" ಅಂದರು. ಹಾಗೇ ಬರೆದಿದ್ದೇನೆ.

ನಿನ್ನ ಕಾಗದವನ್ನು ಮತ್ತೆ ತೆಗೆದು ಓದಿದೆ. ನಡುವೆ ಪೆನ್ನು ಸಿಗದೆ ತಡವಾಯಿತು, ಅಷ್ಟೇ, ಯಾವುದನ್ನೂ ಎಬ್ಬಿಸಲಿಲ್ಲ ಅಂತ ಬರೆದಿದ್ದೀಯ. ಪರದೆಯ ಮುಂದೆ ಕೂತು ಅತ್ತುಬಿಟ್ಟೆ. ಪಕ್ಕದ ಟೇಬಲ್ಲಿನವರು ಪ್ರಯೋಗ ಕೆಟ್ಟಿತೇ ಅಂತ ಕೇಳಿದರು. ಇಲ್ಲ, ಚೆನ್ನಾಗಿ ಬಂದಿದೆ ಅಂದೆ.

ಗಂಗಾ, ಬೈಯುವುದಕ್ಕೆ ಅಲ್ಲ, ನಗುವುದಕ್ಕೂ ಅಲ್ಲ. ಈ ಸಲ ನಾನೇ ಕೇಳುತ್ತಿದ್ದೇನೆ, ನೀನು ಹೂಂ ಅನ್ನದೆ ಬರೆಯಬೇಕು.

ಏಳನೆಯದಕ್ಕೆ ಏನು ಹೇಳಿದೆ?

ನಿನ್ನ
ಸಾದಿಯಾ